ಹಳ್ಳಕ್ಕೆ ಇಳಿಯುವ ಮುನ್ನ: ಮಲೆನಾಡಿನಲ್ಲಿ ಸಿಹಿನೀರಿನ ಪ್ರಾಜೆಕ್ಟ್ ಮಾಡುವವರಿಗೆ

ತುಂಗಾ ನದಿ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಭದ್ರೆಯನ್ನು ಸೇರುವವರೆಗೆ ಸುಮಾರು 147 ಕಿಲೋಮೀಟರ್ ಹರಿಯುತ್ತದೆ. ನನ್ನ ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಮೊದಲು ಕೊಟ್ಟ ಹೆಸರು "ತುಂಗಾ ನದಿಯ ಜೀವವೈವಿಧ್ಯ". ಗೈಡ್ ಅದನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಪೂರ್ತಿ ನಡೀತೀಯೇನಪ್ಪಾ?" ಎಂದು ಕೇಳಿದರು. ನನ್ನ ಹತ್ತಿರ ಇದ್ದದ್ದು ಐದು ತಿಂಗಳು, ಅಣ್ಣನ ಹಳೇ ಬೈಕು, ಡಿಪಾರ್ಟ್‌ಮೆಂಟಿನ ಒಂದು ಪಿಎಚ್ ಮೀಟರ್. ಕೊನೆಗೆ ಮಾಡಿದ್ದು ತೀರ್ಥಹಳ್ಳಿ ತಾಲ್ಲೂಕಿನ ಎಂಟು ಸಣ್ಣ ಹಳ್ಳಗಳನ್ನು. ಹೆಸರು ಸಣ್ಣದಾಯ್ತು, ಕೆಲಸ ಮುಗಿಯಿತು.

ಈ ವರ್ಷ ಹಳ್ಳ, ಹೊಳೆ, ಹಿನ್ನೀರಿನ ಪ್ರಾಜೆಕ್ಟ್ ಮಾಡಲು ಹೊರಟವರಿಗೆ, ನನಗೆ ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದು: ಪ್ರಶ್ನೆಯನ್ನು ಸಣ್ಣದು ಮಾಡಿ

"ಜೀವವೈವಿಧ್ಯ ಅಧ್ಯಯನ" ಎಂದರೆ ಪಟ್ಟಿ ಮಾಡುವುದು. ಪಟ್ಟಿಗೆ ಕೊನೆಯೇ ಇಲ್ಲ. ಪ್ರಶ್ನೆ ಇದ್ದರೆ ಎಲ್ಲಿ ನಿಲ್ಲಬೇಕು ಎನ್ನುವುದು ಗೊತ್ತಾಗುತ್ತದೆ. ನಮ್ಮ ಕಡೆ ಸಿಗುವ ಕೆಲವು ಪ್ರಶ್ನೆಗಳನ್ನು ನೋಡಿ.

ನನ್ನದು ಅಡಿಕೆ ತೋಟದ ಹಳ್ಳ. ಕೊಳೆರೋಗ ಬಾರದಿರಲಿ ಎಂದು ಮಳೆಗಾಲದಲ್ಲಿ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದರಲ್ಲಿ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಇರುತ್ತದೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಮಳೆಗೆ ತೊಳೆದುಹೋದ ತಾಮ್ರದಲ್ಲಿ ಸ್ವಲ್ಪ ಪಾಲಾದರೂ ಹಳ್ಳಕ್ಕೆ ಬರುತ್ತದೆ. ನಮ್ಮ ಹಳ್ಳಗಳ ನೀರು ತುಂಬಾ ಮೆದು, ಅದರಲ್ಲಿ ಸುಣ್ಣದಂಶ ಕಡಿಮೆ. ಮೆದು ನೀರಿನಲ್ಲಿ ತಾಮ್ರದ ವಿಷ ಜಾಸ್ತಿ ತಟ್ಟುತ್ತದೆ. ಹಾಗಾದರೆ ತೋಟದ ಕೆಳಗಿನ ಹಳ್ಳದಲ್ಲಿ ಹುಳಗಳು (ಕಲ್ಲಿನ ಅಡಿ ಬದುಕುವ ಕೀಟದ ಮರಿಗಳು) ತೋಟದ ಮೇಲಿನದಕ್ಕಿಂತ ಬೇರೆ ಇವೆಯೇ? ಇಷ್ಟೇ ನನ್ನ ಪ್ರಶ್ನೆ. ಒಂದು ಎಚ್ಚರಿಕೆ: ತಾಮ್ರ ಮಣ್ಣಿಗೆ ಅಂಟಿಕೊಳ್ಳುತ್ತದೆ. ನೀರನ್ನು ಮಾತ್ರ ಪರೀಕ್ಷೆಗೆ ಕಳಿಸಿದರೆ ಏನೂ ಕಾಣದೆ ಇರಬಹುದು. ತಳದ ಹೂಳನ್ನೂ ಕಳಿಸಿ. ತೋಟ ಬಂದ ಕಡೆ ನೆರಳು ಕಡಿಮೆ, ಬೀಳುವ ಎಲೆ ಬೇರೆ, ಬಸಿಗಾಲುವೆಯಿಂದ ಬರುವ ಮಣ್ಣು ಜಾಸ್ತಿ. ಅವನ್ನೂ ಅಳೆಯದಿದ್ದರೆ ಎಲ್ಲ ತಪ್ಪನ್ನೂ ಮೈಲುತುತ್ತದ ತಲೆಗೆ ಕಟ್ಟಿದ ಹಾಗಾಗುತ್ತದೆ.

ಮೀನು ಇಷ್ಟ ಇದ್ದವರಿಗೆ ಮತ್ಸ್ಯಧಾಮಗಳಿವೆ. ಶೃಂಗೇರಿ ಮಠದ ಎದುರು, ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನು ಹಿಡಿಯುವ ಹಾಗಿಲ್ಲ. ಅಲ್ಲಿನ ಗುಂಡಿಗೂ, ಹಿಡಿಯಲು ಅಡ್ಡಿಯಿಲ್ಲದ ಹತ್ತಿರದ ಗುಂಡಿಗೂ ಮೀನಿನ ಗಾತ್ರದಲ್ಲಿ ಏನು ವ್ಯತ್ಯಾಸ? ಬಲೆ ಹಾಕದೆ, ದಡದಿಂದಲೇ ಎಣಿಸಬಹುದಾದ ಪ್ರಶ್ನೆ ಇದು. ಜನ ಮಂಡಕ್ಕಿ ಹಾಕುವ ಹೊತ್ತಿನಲ್ಲಿ ಎಣಿಸಬೇಡಿ, ಅಷ್ಟೇ.

ಹಕ್ಕಿಯವರಿಗೆ ಮಂಡಗದ್ದೆ ಇದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಹೊಳೆ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವುದು ಮಳೆಗಾಲದಲ್ಲಿ. ದಡದಿಂದಲೇ ನೋಡಬಹುದು. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಎಂಬ ಹಕ್ಕಿ ಬೇಸಿಗೆಯಲ್ಲಿ, ನೀರು ಇಳಿದ ಮೇಲೆ, ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಜಲಾಶಯದ ಮಟ್ಟ ಪ್ರತಿದಿನ ದಾಖಲಾಗುತ್ತದೆ. ಮಟ್ಟಕ್ಕೂ ಗೂಡಿಗೂ ಇರುವ ಸಂಬಂಧ ಒಳ್ಳೆಯ ಪ್ರಶ್ನೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಇದು ಕಣ್ಣೆದುರೇ ಇದೆ. ಆದರೆ ಅದು ಹುಲಿ ಸಂರಕ್ಷಿತ ಪ್ರದೇಶ, ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ.

ಕಪ್ಪೆಯ ಹುಚ್ಚಿದ್ದವರಿಗೆ ನಾನು ಹೇಳುವುದೇ ಬೇಡ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆ ನಮ್ಮ ಶರಾವತಿ ಸೀಮೆಯದ್ದೇ. ಗಂಡು ಮುಂಗೈಯಲ್ಲಿ ಕೆಸರು ತಂದು, ನೀರಿನ ಮೇಲೆ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಮೆತ್ತುತ್ತದೆ. ಒಂದು ಸಲ ನೋಡಿದವರು ಪ್ರಾಜೆಕ್ಟ್ ಮುಗಿದರೂ ಮನೆಗೆ ಹೋಗುವುದಿಲ್ಲ.

ಎರಡು: ಎಷ್ಟು ಹಳ್ಳ, ಎಷ್ಟು ಸಲ

ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದ್ದೆ. ಸ್ವಲ್ಪ ನಿಧಾನವಾಗಿ ಓದಿ.

ಒಂದು ತೋಟದ ಹಳ್ಳದಲ್ಲಿ ಹತ್ತು ಕಡೆ ಬಲೆ ಹಾಕಿದಿರಿ, ಒಂದು ಕಾನಿನ (ಕಾಡಿನ) ಹಳ್ಳದಲ್ಲಿ ಹತ್ತು ಕಡೆ ಹಾಕಿದಿರಿ ಅನ್ನಿ. ಕೈಯಲ್ಲಿ ಇಪ್ಪತ್ತು ಬಾಟಲಿ ಇವೆ. ಆದರೆ ಹೋಲಿಸುತ್ತಿರುವುದು ಎರಡೇ ಹಳ್ಳಗಳನ್ನು. ಒಂದೇ ಮನೆಯ ಹತ್ತು ಜನರ ಊಟ ನೋಡಿ, ಊರವರೆಲ್ಲ ಇದನ್ನೇ ಉಣ್ಣುತ್ತಾರೆ ಎಂದು ಬರೆದ ಹಾಗೆ ಇದು. ಕಂಪ್ಯೂಟರಿಗೆ ಇಪ್ಪತ್ತು ಎಂದು ಕೊಟ್ಟರೆ ಅದು ನಂಬಿ ಉತ್ತರ ಕೊಡುತ್ತದೆ. ವೈವಾಕ್ಕೆ ಬರುವ ಪರೀಕ್ಷಕರು ನಂಬುವುದಿಲ್ಲ.

ಹಾಗಂತ ಮೂವತ್ತು ಹಳ್ಳ ಮಾಡಲು ಆಗುತ್ತದೆಯೇ? ಆಗುವುದಿಲ್ಲ. ನಾನು ಕಂಡುಕೊಂಡ ದಾರಿ ಜೋಡಿ. ಒಂದೇ ಹಳ್ಳದಲ್ಲಿ ತೋಟಕ್ಕೆ ಮೊದಲು ಒಂದು ಜಾಗ, ತೋಟ ದಾಟಿದ ಮೇಲೆ ಒಂದು ಜಾಗ. ಮಳೆ ಒಂದೇ, ಕಲ್ಲು ಮಣ್ಣು ಒಂದೇ, ಹೋದ ದಿನವೂ ಒಂದೇ. ಎಂಟು ಹಳ್ಳ ಎಂದರೆ ಎಂಟು ವ್ಯತ್ಯಾಸ. ಕೆಳಗಿನ ಜಾಗ ಸಹಜವಾಗಿಯೇ ಸ್ವಲ್ಪ ಅಗಲ ಇರುತ್ತದೆ, ಅದೊಂದು ತೊಡಕು. ಅದಕ್ಕೆ ಎರಡು ಜಾಗಗಳ ನಡುವೆ ಬೇರೆ ಹಳ್ಳ ಬಂದು ಸೇರದ ಹಾಗೆ ನೋಡಿಕೊಳ್ಳಿ.

ಎಂಟೇ ಯಾಕೆ? ಮಾರ್ಚ್ ಹೊತ್ತಿಗೆ ಎರಡು ಬತ್ತಿದವು. ಎಂಟರಿಂದ ಶುರು ಮಾಡಿದ್ದಕ್ಕೆ ಆರು ಉಳಿದವು. ಆರರಿಂದ ಶುರು ಮಾಡಿದ್ದರೆ ಅಳಬೇಕಿತ್ತು.

ಹಳ್ಳಗಳು ಒಂದಕ್ಕೊಂದು ಹತ್ತಿರ ಇರಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಬೀಳುವುದಿಲ್ಲ. ಕಾನಿನ ಹಳ್ಳವನ್ನು ಆಗುಂಬೆ ಕಡೆ, ತೋಟದ ಹಳ್ಳವನ್ನು ಪೇಟೆ ಕಡೆ ಆರಿಸಿಕೊಂಡರೆ ನೀವು ಅಳೆಯುತ್ತಿರುವುದು ಮಳೆಯನ್ನೇ ಹೊರತು ತೋಟವನ್ನಲ್ಲ. ನನ್ನ ಅಳತೆ ಸರಳವಾಗಿತ್ತು: ಬೆಳಿಗ್ಗೆ ಹೊರಟರೆ ಎರಡು ಹಳ್ಳ ಮುಗಿಸಿ ಸಂಜೆ ಟೀ ಹೊತ್ತಿಗೆ ರೂಮಿಗೆ ಬರಬೇಕು.

ನೀರುನಾಯಿಯಂಥ ಪ್ರಾಣಿಯಾದರೆ ಲೆಕ್ಕ ಬೇರೆ. ಅದು ಕಾಣುವುದೇ ಅಪರೂಪ. ಕಾಣುವುದು ಕಲ್ಲಿನ ಮೇಲಿನ ಹಿಕ್ಕೆ. ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು, ಮೂಗಿಗೆ ಬಡಿಯುವ ಮೀನಿನ ವಾಸನೆ. ಏಡಿ ತಿನ್ನುವ ಮುಂಗುಸಿಯೂ ಇದೆ, ಆದ್ದರಿಂದ ಚಿಪ್ಪು ಕಂಡ ಕೂಡಲೇ ನೀರುನಾಯಿ ಎಂದು ಬರೆಯಬೇಡಿ. ಒಂದು ಹಳ್ಳದಲ್ಲಿ ನೀರುನಾಯಿ ಇದ್ದೂ, ಒಂದು ಸಲ ಹೋದಾಗ ಅದರ ಗುರುತು ಸಿಗುವ ಸಾಧ್ಯತೆ 0.4 ಎಂದುಕೊಳ್ಳಿ. ಮೂರು ಸಲ ಹೋದರೂ ಏನೂ ಸಿಗದಿರುವ ಸಾಧ್ಯತೆ 0.6ರ ಘನ, ಅಂದರೆ ಸುಮಾರು 0.22. ಐದು ಹಳ್ಳಗಳಲ್ಲಿ ಒಂದಕ್ಕೆ ನೀವು "ಇಲ್ಲ" ಎಂದು ತಪ್ಪು ಬರೆಯುತ್ತೀರಿ. ಒಂದೇ ಸಲ ಹೋದರಂತೂ ಐದರಲ್ಲಿ ಮೂರಕ್ಕೆ. ಅದಕ್ಕೇ ಪ್ರತಿ ಜಾಗಕ್ಕೆ ಹಲವು ಸಲ ಹೋಗಿ, ಪ್ರತಿ ಸಲದ್ದನ್ನೂ ಬೇರೆ ಬೇರೆ ಬರೆದಿಡಿ. ಸಿಕ್ಕಿದ್ದನ್ನು ಮಾತ್ರ ಬರೆದು, ಸಿಗದ ದಿನವನ್ನು ಬಿಟ್ಟುಬಿಡುವ ಅಭ್ಯಾಸ ತುಂಬಾ ಜನರಿಗಿದೆ. ಸೊನ್ನೆಯನ್ನೂ ಬರೆಯಿರಿ.

ಮೂರು: ಸೆಮಿಸ್ಟರ್ ಹಿಡಿದು ಹೊರಡಬೇಡಿ, ಮಳೆ ಹಿಡಿದು ಹೊರಡಿ

ಪ್ರಾಜೆಕ್ಟ್ ಸಾಮಾನ್ಯವಾಗಿ ಕೊನೆಯ ಸೆಮಿಸ್ಟರಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಹಳ್ಳ ಸೊರಗಿರುತ್ತದೆ. ಹಳ್ಳದ ಹುಳಗಳಿಗೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಜೂನ್, ಜುಲೈನ ಕೆಂಪು ನೀರು ಕಲ್ಲನ್ನೇ ಉರುಳಿಸಿಕೊಂಡು ಹೋಗುತ್ತದೆ, ಹುಳ ಎಲ್ಲಿ ಉಳಿಯುತ್ತದೆ? ಮಳೆ ನಿಂತು, ನೀರು ತಿಳಿಯಾಗಿ, ಒಂದು ತಿಂಗಳು ಕಳೆದರೆ ಕಲ್ಲಿನ ಅಡಿ ಮತ್ತೆ ತುಂಬುತ್ತದೆ. ಅಂದರೆ ಮೂರನೇ ಸೆಮಿಸ್ಟರಿನಲ್ಲೇ ಜಾಗ ನೋಡಿ, ಅನುಮತಿಗೆ ಹಾಕಿ, ಮೊದಲ ಸುತ್ತು ಮುಗಿಸಬೇಕು.

ಕಪ್ಪೆಗೆ ಜೂನ್‌ನಿಂದ ಸೆಪ್ಟೆಂಬರ್. ನೀರುನಾಯಿಗೆ ಬೇಸಿಗೆ, ಯಾಕೆಂದರೆ ಕಲ್ಲು, ಮರಳು ತೆರೆದಿರುತ್ತವೆ, ಹಿಕ್ಕೆ ತೊಳೆದುಹೋಗುವುದಿಲ್ಲ.

ನಾಲ್ಕು: ಅನುಮತಿ

ಅಭಯಾರಣ್ಯದ ಒಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅವರ ಕಚೇರಿ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಭದ್ರಾ, ಶೆಟ್ಟಿಹಳ್ಳಿ, ಶರಾವತಿ ಕಣಿವೆ ಎಲ್ಲಕ್ಕೂ ಇದೇ ದಾರಿ. ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಯನ್ನು ಹಿಡಿಯುವುದಾದರೆ ಅದಕ್ಕೆ ಬೇರೆಯೇ ಅನುಮತಿ. ಈ ಪಟ್ಟಿಗಳು (ಷೆಡ್ಯೂಲ್) 2022ರ ತಿದ್ದುಪಡಿಯಲ್ಲಿ ಬದಲಾಗಿವೆ. ಸೀನಿಯರ್ ಥೀಸಿಸ್ ನೋಡಿ ಷೆಡ್ಯೂಲ್ ಸಂಖ್ಯೆ ನಕಲು ಮಾಡಿದರೆ ತಪ್ಪುತ್ತದೆ.

ಅರ್ಜಿ ವಿಭಾಗದ ಮುಖ್ಯಸ್ಥರ ಮೂಲಕ ಹೋಗಲಿ. ಅದರಲ್ಲಿ ಜಾಗದ ಹೆಸರು, ವಲಯ, ಅಕ್ಷಾಂಶ ರೇಖಾಂಶ, ತಿಂಗಳು, ವಿಧಾನ, ಜೊತೆಗೆ ಬರುವವರ ಹೆಸರು, ಬೈಕ್ ನಂಬರ್, ಏನನ್ನು ಹೊರಗೆ ಒಯ್ಯುತ್ತೀರಿ, ಏನನ್ನು ಒಯ್ಯುವುದಿಲ್ಲ ಎಲ್ಲವೂ ಇರಲಿ. ಡ್ರೋನ್ ಇದ್ದರೆ ಬೇರೆಯಾಗಿಯೇ ಬರೆಯಿರಿ. ಮೂರ್ನಾಲ್ಕು ತಿಂಗಳು ಮೊದಲೇ ಹಾಕಿ. ಪತ್ರ ಬಂದ ಮೇಲೆ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಗೆ, ಆಮೇಲೆ ರೇಂಜ್ ಆಫೀಸಿಗೆ ನೀವೇ ಹೋಗಿ ಮುಖ ತೋರಿಸಿ. ಜೆರಾಕ್ಸ್ ಯಾವಾಗಲೂ ಬ್ಯಾಗಿನಲ್ಲಿರಲಿ. "ಗಾರ್ಡ್ ನಮ್ಮೂರಿನವರೇ, ಏನೂ ಆಗಲ್ಲ ಬಾ" ಎನ್ನುವ ಸ್ನೇಹಿತನ ಮಾತು ಕೇಳಬೇಡಿ. ಆಗುವುದು ನಿಮಗಲ್ಲ, ಆ ಗಾರ್ಡಿಗೆ.

ಅಭಯಾರಣ್ಯದ ಹೊರಗೂ ಕೇಳಲೇಬೇಕು. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ನೋಡಲು ತೋಟದವರದ್ದೇ ಅನ್ನಿಸುತ್ತದೆ, ಆದರೆ ಅವರಿಗಿರುವುದು ಸೊಪ್ಪು ತರುವ ಹಕ್ಕು ಮಾತ್ರ. ತೋಟದ ಒಳಗೆ ಹಾದುಹೋಗುವ ಹಳ್ಳಕ್ಕೆ ಮನೆಯವರ ಒಪ್ಪಿಗೆ ಬೇಕು. ಆ ಒಪ್ಪಿಗೆ ಒಂದು ಲೋಟ ಕಾಫಿ ಕುಡಿಯದೆ ಸಿಗುವುದಿಲ್ಲ, ಅದಕ್ಕೂ ಟೈಮ್ ಇಟ್ಟುಕೊಳ್ಳಿ. ಮೀನು, ಕಪ್ಪೆ ಮುಟ್ಟುವವರು ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯನ್ನೂ ಕೇಳಬೇಕು.

ಐದು: ಸಾಮಾನು

ದುಡ್ಡು ಜಾಸ್ತಿ ಬೇಡ. ಹುಳ ಹಿಡಿಯಲು ಬೇಕಾದ ಬಲೆಯ ಕಣ್ಣು ಅರ್ಧ ಮಿಲಿಮೀಟರ್. ಸೊಳ್ಳೆ ಪರದೆಯಲ್ಲಿ ಸಣ್ಣವು ನುಸುಳಿ ಹೋಗುತ್ತವೆ. ಸ್ಕ್ರೀನ್ ಪ್ರಿಂಟಿಂಗಿಗೆ ಬಳಸುವ ನೈಲಾನ್ ಬಟ್ಟೆ ತಂದು ದರ್ಜಿಯ ಹತ್ತಿರ ಹೊಲಿಸಿ. ವೆಲ್ಡಿಂಗ್ ಅಂಗಡಿಯಲ್ಲಿ 30 ಸೆಂಟಿಮೀಟರ್ ಚೌಕದ ಕಬ್ಬಿಣದ ಚೌಕಟ್ಟು ಮಾಡಿಸಿ. ಬಿಳಿ ಟ್ರೇ, ಚಿಮುಟ, 50 ಮೀಟರ್ ಟೇಪು, ಸಣ್ಣ ಡಬ್ಬಿಗಳು. ಹುಳ ಕೆಡದಂತೆ ಇಡಲು ಆಲ್ಕೋಹಾಲ್ ಬೇಕು, ಅದನ್ನು ಡಿಪಾರ್ಟ್‌ಮೆಂಟ್ ಮೂಲಕವೇ ತರಿಸಬೇಕು. ಲೈಸೆನ್ಸಿನ ವಿಷಯ ಇರುವುದರಿಂದ ತಡವಾಗುತ್ತದೆ, ಮೊದಲೇ ಹೇಳಿಡಿ.

ಲೇಬಲ್ ಬಗ್ಗೆ ಒಂದು ಕಥೆ. ಮೊದಲ ಸುತ್ತಿನಲ್ಲಿ ನಾನು ಹದಿನಾರು ಡಬ್ಬಿಯ ಹೊರಗೆ ಮಾರ್ಕರಿನಲ್ಲಿ ಚೆನ್ನಾಗಿ ಬರೆದಿದ್ದೆ. ಬ್ಯಾಗಿನಲ್ಲಿ ಒಂದು ಡಬ್ಬಿ ಸೋರಿತು. ಆಲ್ಕೋಹಾಲ್ ತಾಗಿದ ಕಡೆ ಮಾರ್ಕರ್ ಶಾಯಿ ಕರಗಿಹೋಯಿತು. ರೂಮಿಗೆ ಬಂದು ನೋಡಿದರೆ ಹದಿನಾರರಲ್ಲಿ ಹನ್ನೊಂದು ಯಾವ ಹಳ್ಳದವು ಎನ್ನುವುದೇ ಗೊತ್ತಿಲ್ಲ. ಮೂರು ದಿನದ ಕೆಲಸ ಮತ್ತೆ ಮಾಡಬೇಕಾಯಿತು. ಪೆನ್ಸಿಲಿನಲ್ಲಿ ದಪ್ಪ ಕಾಗದದ ಚೂರಿನ ಮೇಲೆ ಬರೆದು ಡಬ್ಬಿಯ ಒಳಗೇ ಹಾಕಿ. ಪೆನ್ಸಿಲ್ ನೀರಿಗೂ ಹೋಗುವುದಿಲ್ಲ, ಆಲ್ಕೋಹಾಲಿಗೂ ಹೋಗುವುದಿಲ್ಲ.

ಆರು: ಹಳ್ಳದಲ್ಲಿ ಒಂದು ದಿನ

ಕೆಳಗಿನ ಜಾಗದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲೆ ತುಳಿದರೆ ಕೆಸರು, ಕಿತ್ತ ಹುಳ ಎಲ್ಲ ತೇಲಿ ಕೆಳಗೆ ಬರುತ್ತವೆ. ಪ್ರತಿ ಜಾಗದಲ್ಲೂ ಮೊದಲು ನೀರಿನ ಅಳತೆ, ಆಮೇಲೆ ಹುಳ, ಕೊನೆಗೆ ಅಗಲ, ಆಳ, ಹರಿವು. ಈ ಸಾಲು ತಪ್ಪಿದರೆ ನಿಮ್ಮ ಕಾಲಿನ ಕೆಸರನ್ನೇ ನೀವು ಅಳೆಯುತ್ತೀರಿ.

ಪಿಎಚ್ ಮೀಟರನ್ನು ಹೊರಡುವ ದಿನ ಬೆಳಿಗ್ಗೆಯೇ 4 ಮತ್ತು 7ರ ಬಫರ್‌ನಲ್ಲಿ ಸರಿ ಮಾಡಿಕೊಳ್ಳಿ. ಆಮ್ಲಜನಕ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಪಾಚಿ ಇರುವ ಕಡೆ ಮಧ್ಯಾಹ್ನ ಜಾಸ್ತಿ, ಬೆಳಗಿನ ಜಾವ ಕಡಿಮೆ. ಒಂದು ಹಳ್ಳವನ್ನು ಯಾವಾಗಲೂ ಎಂಟು ಗಂಟೆಗೆ, ಇನ್ನೊಂದನ್ನು ಯಾವಾಗಲೂ ಮೂರು ಗಂಟೆಗೆ ಅಳೆದರೆ ವ್ಯತ್ಯಾಸ ಹಳ್ಳದ್ದೋ ಗಡಿಯಾರದ್ದೋ? ಪ್ರತಿ ಸುತ್ತಿನಲ್ಲಿ ಮೊದಲು ಹೋಗುವ ಹಳ್ಳವನ್ನು ಬದಲಾಯಿಸಿ.

ಹುಳಕ್ಕೆ: ನೀರು ಕಲ್ಲಿನ ಮೇಲೆ ಸದ್ದು ಮಾಡಿಕೊಂಡು ಹರಿಯುವ ಜಾಗ ಆರಿಸಿ. ಚೌಕಟ್ಟು ಇಟ್ಟು, ಅದರ ಕೆಳಗಿನ ಬದಿಗೆ ಬಲೆ ಹಿಡಿದು, ಒಳಗಿನ ಕಲ್ಲುಗಳನ್ನು ಒಂದೊಂದಾಗಿ ಉಜ್ಜಿ ತೊಳೆಯಿರಿ. ಆಮೇಲೆ ತಳವನ್ನು ಒಂದು ನಿಮಿಷ ಕೆದಕಿ. ಗಡಿಯಾರ ನೋಡಿಯೇ ಕೆದಕಿ. ಸುಸ್ತಾದ ದಿನದ ಒಂದು ನಿಮಿಷ ಮೂವತ್ತು ಸೆಕೆಂಡಿಗೇ ಮುಗಿದಿರುತ್ತದೆ. ಒಂದು ಜಾಗದಲ್ಲಿ ಮೂರು ಸಲ ಮಾಡಿ, ಮೂರನ್ನೂ ಸೇರಿಸಿ ಒಂದು ಲೆಕ್ಕ ಮಾಡಿ.

ಟ್ರೇಗೆ ಸುರಿದಾಗ ಮೊದಲ ಸಲ ಬರೀ ಎಲೆ, ಮರಳು ಕಾಣುತ್ತದೆ. ಸುಮ್ನೆ ಎರಡು ನಿಮಿಷ ನೋಡುತ್ತಾ ಕೂತರೆ ಮರಳು ನಡೆಯಲು ಶುರು ಮಾಡುತ್ತದೆ. ಮರಳಿನ ಗೂಡು ಹೊತ್ತು ತೆವಳುವುದು ಕ್ಯಾಡಿಸ್‌ಫ್ಲೈ ಮರಿ. ಸಾಮಾನ್ಯವಾಗಿ ಮೂರು ಬಾಲದ ಎಳೆ, ಹೊಟ್ಟೆಯ ಬದಿಯಲ್ಲಿ ಅಲುಗಾಡುವ ಕಿವಿರು ಇದ್ದರೆ ಮೇಫ್ಲೈ. ಎರಡೇ ಎಳೆ, ಪ್ರತಿ ಕಾಲಿನ ತುದಿಗೆ ಎರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಮೇಫ್ಲೈಗೆ ಕಾಲಿಗೊಂದೇ ಉಗುರು. ಹೊಟ್ಟೆ ಉಬ್ಬಿದ ಸಿಡುಕುಮೂತಿಯದ್ದು ಏರೋಪ್ಲೇನ್ ಚಿಟ್ಟೆಯ ಮರಿ. ಕುಟುಂಬದವರೆಗೆ ಗುರುತಿಸಿದರೆ ಎಂ.ಎಸ್ಸಿ.ಗೆ ಸಾಕು. ಪ್ರಭೇದದ ಹೆಸರು ಬರೆಯುವ ಆಸೆಗೆ ಬಿದ್ದು ತಪ್ಪು ಬರೆಯುವುದಕ್ಕಿಂತ ಅದೇ ವಾಸಿ.

ಎಲೆ, ಹುಳದ ಮೈ ನೀರು ಬಿಟ್ಟು ಡಬ್ಬಿಯ ಆಲ್ಕೋಹಾಲ್ ತೆಳುವಾಗುತ್ತದೆ. ಮರುದಿನ ಅದನ್ನು ಚೆಲ್ಲಿ ಹೊಸದು ಹಾಕಿ.

ಹರಿವಿಗೆ ಮೀಟರ್ ಇಲ್ಲದಿದ್ದರೆ ಕಿತ್ತಳೆ ಹಣ್ಣು ಸಾಕು. ಸಿಪ್ಪೆ ಸಮೇತ ಇದ್ದರೆ ಅರ್ಧ ಮುಳುಗಿ ತೇಲುತ್ತದೆ, ಗಾಳಿಗೆ ಸಿಗುವುದಿಲ್ಲ. ನೆಟ್ಟಗಿರುವ ಹತ್ತು ಮೀಟರ್ ಉದ್ದ ಅಳೆದು, ಹಣ್ಣು ಬಿಟ್ಟು ಸೆಕೆಂಡ್ ಎಣಿಸಿ. 20 ಸೆಕೆಂಡ್ ಆಯಿತು ಅನ್ನಿ. ವೇಗ ಸೆಕೆಂಡಿಗೆ 0.5 ಮೀಟರ್. ಇದು ಮೇಲ್ಮೈಯ ವೇಗ. ತಳದಲ್ಲಿ ನೀರು ನಿಧಾನ, ಅದಕ್ಕೆ 0.85ರಿಂದ ಗುಣಿಸಿ. ಹಳ್ಳ 3 ಮೀಟರ್ ಅಗಲ, ಸರಾಸರಿ ಆಳ 0.4 ಮೀಟರ್ ಇದ್ದರೆ ಅಡ್ಡಕೊಯ್ತ 1.2 ಚದರ ಮೀಟರ್. ಎಲ್ಲ ಗುಣಿಸಿದರೆ ಸೆಕೆಂಡಿಗೆ 0.51 ಘನ ಮೀಟರ್, ಅಂದರೆ 510 ಲೀಟರ್. ಐದು ಸಲ ಬಿಟ್ಟು ಸರಾಸರಿ ತೆಗೆಯಿರಿ. ಆರನೇದನ್ನು ತಿನ್ನಿ.

ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವಾಗ ಬಲೆ, ಬೂಟು ತೊಳೆದು ಒಣಗಿಸಿ. ಕಪ್ಪೆಗಳ ಚರ್ಮಕ್ಕೆ ಬರುವ ಶಿಲೀಂಧ್ರ ರೋಗ ಒದ್ದೆ ಬೂಟಿನಲ್ಲೇ ಪ್ರಯಾಣ ಮಾಡಬಲ್ಲದು.

ಏಳು: ಹಳ್ಳದ ದಂಡೆಯ ಜನ

ಹಳ್ಳದ ಬಗ್ಗೆ ನಿಮಗಿಂತ ಚೆನ್ನಾಗಿ ಗೊತ್ತಿರುವವರು ಅಲ್ಲೇ ಇದ್ದಾರೆ. ಕೂಣಿ ಇಟ್ಟು ಮೀನು ಹಿಡಿಯುವವರು, ಅಡಿಕೆ ಗೊನೆ ಇಳಿಸುವ ಕೊನೆಗಾರರು, ಬಟ್ಟೆ ಒಗೆಯಲು ಬರುವ ಅಮ್ಮಂದಿರು. ಪ್ರಶ್ನೆಪಟ್ಟಿ ಹಿಡಿದು ಹೋಗಬೇಡಿ. ಹತ್ತುಮೀನಿನ, ಅಂದರೆ ಮಳೆಗೆ ಹತ್ತಿ ಬರುವ ಮೀನಿನ ವಿಷಯ ಎತ್ತಿ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತಿ ಬರುವ ಮಾತು ಬಂದರೆ ಮಲೆನಾಡಿನಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ.

ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ. ಹಿರಿಯರು ತಾರೀಖು ಹೇಳುವುದಿಲ್ಲ, ಮಳೆ ಹೇಳುತ್ತಾರೆ. "ಮುಂಚೆಲ್ಲ ಮೃಗಶಿರಕ್ಕೇ ಮೀನು ಹತ್ತೋದು, ಈಗ ಆರಿದ್ರಾ ಕಳೆದರೂ ಇಲ್ಲ" ಎಂದರೆ ಅದು ಬರೀ ಹಳಹಳಿಕೆ ಅಲ್ಲ, ಅಳತೆ. ಮೃಗಶಿರ ಮಳೆ ಜೂನ್ 8ರ ಆಸುಪಾಸಿಗೆ ಹುಟ್ಟುತ್ತದೆ, ಆರಿದ್ರಾ 22ರ ಆಸುಪಾಸಿಗೆ, ಪುನರ್ವಸು ಜುಲೈ 6ರ ಹೊತ್ತಿಗೆ. ಒಂದೊಂದೂ ಹದಿಮೂರು, ಹದಿನಾಲ್ಕು ದಿನ. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು, ಪಕ್ಕದಲ್ಲಿ ತಾರೀಖು ಹಾಕಿ.

"ಇಲ್ಲಿ ನೀರುನಾಯಿ ಇದೆಯಾ?" ಎಂದು ಕೇಳಿದರೆ "ಇದೆ" ಎಂದೇ ಉತ್ತರ ಬರುತ್ತದೆ. ಅಷ್ಟು ದೂರದಿಂದ ಬಂದ ಹುಡುಗನನ್ನು ಬರಿಗೈಯಲ್ಲಿ ಕಳಿಸಲು ಯಾರಿಗೆ ಮನಸ್ಸು ಬರುತ್ತದೆ? ಚಿತ್ರಗಳನ್ನು ತೋರಿಸಿ. ನಮ್ಮ ಕಡೆ ಇಲ್ಲವೇ ಇಲ್ಲದ ಒಂದೆರಡು ಪ್ರಾಣಿಗಳ ಚಿತ್ರವನ್ನೂ ಸೇರಿಸಿ. ಅವನ್ನೂ "ಕಂಡಿದೀನಿ" ಎಂದರೆ ಆ ಸಂದರ್ಶನವನ್ನು ಗೌರವದಿಂದಲೇ ಪಕ್ಕಕ್ಕಿಡಿ.

ಬೋರ್ಡೋ ಬಗ್ಗೆ ಕೇಳುವಾಗ ಜಾಸ್ತಿ ನಾಜೂಕು ಬೇಕು. "ನಿಮ್ಮ ಔಷಧಿಯಿಂದ ಹಳ್ಳ ಹಾಳಾಗಿದೆಯಾ?" ಎಂದು ಕೇಳಿದವನಿಗೆ ಎರಡನೇ ಸಲ ಗೇಟು ತೆರೆಯುವುದಿಲ್ಲ. "ಈ ವರ್ಷ ಎಷ್ಟು ಸಲ ಹೊಡೆಸಿದಿರಿ? ಮಳೆ ಬಿಡುವು ಕೊಟ್ಟಿತಾ?" ಎಂದು ಕೇಳಿದರೆ ಲೆಕ್ಕದ ಪುಸ್ತಕವನ್ನೇ ತೆಗೆದು ತೋರಿಸುತ್ತಾರೆ. ನನಗೆ ಎರಡು ಮನೆಗಳಲ್ಲಿ ಹಾಗೆ ಸಿಕ್ಕಿತು. ಯಾವ ದಿನ ಎಷ್ಟು ಕೆ.ಜಿ. ಎಂದು ಹಲವು ವರ್ಷಗಳದ್ದು ಅದರಲ್ಲಿತ್ತು.

ಎಂಟು: ಜೀವ ಮುಖ್ಯ

ಹುಳಕ್ಕೆ ಒಳ್ಳೆಯ ತಿಂಗಳುಗಳಲ್ಲೇ ಮಂಗನ ಕಾಯಿಲೆಯೂ ಶುರುವಾಗುತ್ತದೆ. ಅದರ ಕಾಲ ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಈ ರೋಗ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು. ಈ ಕಾಲದ ಉಣುಗಿನ ಮರಿ ಎಷ್ಟು ಸಣ್ಣದೆಂದರೆ ಕಚ್ಚಿದ್ದು ಗೊತ್ತಾಗುವುದಿಲ್ಲ. ಹಾಗಾಗಿ ತುಂಬು ತೋಳಿನ ತಿಳಿಬಣ್ಣದ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಉಣುಗು ಹತ್ತದಿರಲು ಆರೋಗ್ಯ ಕೇಂದ್ರದಲ್ಲಿ ಸಿಗುವ ಡೀಪಾ ಎಣ್ಣೆ ಹಚ್ಚಿ. ಕಾಡಿನಲ್ಲಿ ಎಲೆ ಹಾಸಿನ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಜಾಗವನ್ನು ಪಟ್ಟಿಯಿಂದ ತೆಗೆಯಿರಿ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಎಂದು ಬಾಯಿಬಿಟ್ಟು ಹೇಳಿ.

ಹಚ್ಚಿದ ಎಣ್ಣೆ ನೀರಿಗೆ ಹೋಗಬಾರದು. ಹಳ್ಳದಿಂದ ದೂರದಲ್ಲೇ ಕೈ ತೊಳೆದುಕೊಂಡು ಇಳಿಯಿರಿ. ಇಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಬಳಿದುಕೊಳ್ಳುವವರಿಗೂ ಇದೇ ಮಾತು. ಇಂಬಳದಿಂದ ಯಾರೂ ಸತ್ತಿಲ್ಲ, ಬಿಡಿ. ಆದರೆ ಕಾಲಿನಲ್ಲಿ ಗಾಯ ಇಟ್ಟುಕೊಂಡು ಮಳೆಗಾಲದ ನಿಂತ ನೀರಿಗೆ ಇಳಿಯಬೇಡಿ, ಇಲಿಜ್ವರ ಬರುತ್ತದೆ.

ನೀರು ಏರುವುದಕ್ಕೆ ಮೊದಲು ಸುಳಿವು ಕೊಡುತ್ತದೆ. ತಿಳಿನೀರು ಕೆಂಪಾಗುವುದು, ತರಗೆಲೆ, ಕಡ್ಡಿ ಗುಂಪುಗುಂಪಾಗಿ ತೇಲಿ ಬರುವುದು, ಸದ್ದು ಬದಲಾಗುವುದು. ನಿಮ್ಮ ತಲೆಯ ಮೇಲೆ ಬಿಸಿಲಿರಬಹುದು, ಘಟ್ಟದ ಮೇಲೆ ಮಳೆ ಹೊಯ್ದಿರುತ್ತದೆ. ಬಲೆ ಬಿಟ್ಟು ದಡ ಹತ್ತಿ. ಬಲೆ ಮತ್ತೆ ಹೊಲಿಸಬಹುದು. ಅಣೆಕಟ್ಟಿನ ಕೆಳಗೆ ಕೆಲಸ ಮಾಡುವವರು ನೀರು ಬಿಡುವ ಹೊತ್ತನ್ನು ಆಯಾ ಕಚೇರಿಯಲ್ಲಿ ಕೇಳಿಕೊಂಡೇ ಇಳಿಯಬೇಕು. ಕಪ್ಪೆಗೆ ರಾತ್ರಿ ಹೋಗುವವರು ಇಬ್ಬರಿಗಿಂತ ಕಡಿಮೆ ಹೋಗಬೇಡಿ. ಜಾರಿದಾಗ ಟಾರ್ಚ್ ಬೆಳಕಿನಲ್ಲಿ ನೋಡದೆ ಕೊಂಬೆ ಹಿಡಿಯಬೇಡಿ, ಗುಳಿಮಂಡಲ ಹಾವು ಕೂರುವುದು ಅಂಥ ಕೊಂಬೆಯಲ್ಲೇ. ಕಾಟಿ (ಕಾಡುಕೋಣ), ಆನೆ ಇರುವ ಕಡೆ ಇಲಾಖೆಯ ವಾಚರ್ ಇಲ್ಲದೆ ಹೋಗುವ ಮಾತೇ ಇಲ್ಲ.

ಒಂಬತ್ತು: ಸಂಜೆಯ ಕೆಲಸ

ಎಷ್ಟೇ ಸುಸ್ತಾಗಿರಲಿ, ಅದೇ ಸಂಜೆ ನೋಟ್‌ಬುಕ್ ಪುಟಗಳ ಫೋಟೋ ತೆಗೆದು ಮೇಲ್‌ಗೆ ಹಾಕಿ. ಕಂಪ್ಯೂಟರಿನಲ್ಲಿ ಒಂದು ಸಾಲಿಗೆ ಒಂದೇ ದಾಖಲೆ: ತಾರೀಖು, ಹಳ್ಳ, ಮೇಲೋ ಕೆಳಗೋ, ಎಷ್ಟನೇ ಸಲ, ಏನು, ಎಷ್ಟು. ಬಣ್ಣ ಹಚ್ಚಿ ಅರ್ಥ ಕೊಡಬೇಡಿ, ಆರು ತಿಂಗಳ ಮೇಲೆ ಹಳದಿ ಅಂದರೆ ಏನು ಎನ್ನುವುದು ನಿಮಗೇ ನೆನಪಿರುವುದಿಲ್ಲ. ನಕ್ಷೆಗೆ ಕ್ಯೂಜಿಐಎಸ್, ಲೆಕ್ಕಕ್ಕೆ ಆರ್ ಎಂಬ ಸಾಫ್ಟ್‌ವೇರ್‌ಗಳಿವೆ, ಎರಡೂ ಪುಕ್ಕಟೆ.

ಫೋಟೋಗಳನ್ನು ಐನ್ಯಾಚುರಲಿಸ್ಟ್ ಥರದ ವೆಬ್‌ಸೈಟಿಗೆ ಹಾಕುವುದು ಒಳ್ಳೆಯದೇ, ಗುರುತಿಸಲು ಜನ ಸಿಗುತ್ತಾರೆ. ಆದರೆ ನೀರುನಾಯಿಯ ಬಿಲ, ಕಾಳಿಂಗದ ಗೂಡು, ಅಪರೂಪದ ಕಪ್ಪೆಯ ಹಳ್ಳ, ಇವುಗಳ ಜಾಗವನ್ನು ಮರೆಮಾಡಿ ಹಾಕಿ. ಕ್ಯಾಮೆರಾ ಹಿಡಿದವರ ಗುಂಪು ಬಂದು ಒಂದೇ ವಾರದಲ್ಲಿ ಹಳ್ಳ ತುಳಿದು ಹಾಕಿದ್ದನ್ನು ನಾನು ನೋಡಿದ್ದೇನೆ.

ಬರೆದು ಮುಗಿದ ಮೇಲೆ ಒಂದು ಪ್ರತಿ ಅರಣ್ಯ ಇಲಾಖೆಗೆ ಕೊಡಿ. ಅದರ ಜೊತೆಗೆ ಎರಡು ಪುಟ ಕನ್ನಡದಲ್ಲಿ ಬರೆದು ಪಂಚಾಯ್ತಿಗೆ, ಹಳ್ಳದ ಮನೆಗಳಿಗೆ ಕೊಡಿ. ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ, ಅವರ ಜನತಾ ಜೀವವೈವಿಧ್ಯ ದಾಖಲೆಗೂ ಅದು ಉಪಯೋಗಕ್ಕೆ ಬರುತ್ತದೆ. ನಾನು ಕೊಟ್ಟ ಪುಟಗಳನ್ನು ಕೂಣಿ ಇಡುವ ಗೌಡರೊಬ್ಬರು ಜಗಲಿಯಲ್ಲಿ ಕೂತು ಬೆರಳಿಟ್ಟು ಓದಿದರು. ಮೀನಿನ ಪಟ್ಟಿಗೆ ಬಂದಾಗ ಬೆರಳು ನಿಂತಿತು. "ತಮ್ಮಾ, ಇವೆರಡು ಹೆಸರು ಅದಲುಬದಲು ಆಗಿದೆಯಲ್ಲೋ" ಎಂದರು. ಅವರು ಹೇಳಿದ್ದು ಸರಿಯಿತ್ತು. ಅಷ್ಟರಲ್ಲಿ ಥೀಸಿಸ್ ಬೈಂಡ್ ಆಗಿ ಐದು ಪ್ರತಿ ಹೋಗಿಯಾಗಿತ್ತು. ನೀವು ಬೈಂಡಿಂಗಿಗೆ ಕೊಡುವ ಮೊದಲೇ ತೋರಿಸಿ.